ಎರೆಹುಳು ಯಾವ ಜಾತಿ? ನಾನು ಎಣಿಸಿ ನೋಡುವ ಬಗೆ

ಎರೆಹುಳುವಿನ ಬಣ್ಣ, ಉದ್ದ ನೋಡಿ ನಾನು ಜಾತಿ ಹೇಳುವುದಿಲ್ಲ. ವಯಸ್ಸು, ಮೇವು, ತೇವ ಎಲ್ಲದಕ್ಕೂ ಅವು ಬದಲಾಗುತ್ತವೆ. ನಾನು ನಂಬುವುದು ಖಂಡಗಳ, ಅಂದರೆ ಮೈಯುದ್ದಕ್ಕೂ ಇರುವ ಉಂಗುರಗಳ, ಲೆಕ್ಕವನ್ನು.

ಹುಳು ತೊಳೆದು ಒದ್ದೆ ಬಿಳಿ ತಟ್ಟೆಯಲ್ಲಿ ಇಟ್ಟುಕೊಳ್ಳುತ್ತೇನೆ. ಕೈಯಲ್ಲಿ 10 ಪಟ್ಟಿನ ಲೆನ್ಸ್, ಪಕ್ಕದಿಂದ ಓರೆಯಾಗಿ ಟಾರ್ಚ್ ಬೆಳಕು. ಬಾಯಿ ಇರುವ ಖಂಡವೇ 1. ಅದರ ಮುಂದೆ ಚಾಚಿದ ತುಟಿ ಲೆಕ್ಕಕ್ಕಿಲ್ಲ. ಕೆಲವು ಖಂಡಗಳ ಮೇಲೆ ಅಡ್ಡ ಗೆರೆ ಬಿದ್ದು ಒಂದು ಎರಡಾಗಿ ಕಾಣುತ್ತದೆ. ಆಗ ಬಿರುಗೂದಲು ಹುಡುಕಬೇಕು. ಒಂದು ಖಂಡಕ್ಕೆ ಬಿರುಗೂದಲಿನ ಸಾಲು ಒಂದೇ. ಓರೆ ಬೆಳಕಿಗೆ ಅವು ಸಣ್ಣಗೆ ಮಿನುಗುತ್ತವೆ.

ಗೊಬ್ಬರದ ತೊಟ್ಟಿಯಲ್ಲಿ ಜಾಸ್ತಿ ಸಿಗುವುದು ಮೂರು. ಐಸೀನಿಯಾ ಫೆಟಿಡಾ ಸುಲಭ. ಪ್ರಾಯಕ್ಕೆ ಬಂದ ಹುಳುವಿನಲ್ಲಿ ಊದಿಕೊಳ್ಳುವ ಪಟ್ಟಿ, ಅಂದರೆ ಕ್ಲೈಟೆಲಮ್, ಇದರಲ್ಲಿ ಬಹಳ ಹಿಂದೆ, 25ರ ಆಸುಪಾಸಿನಿಂದ 32ರವರೆಗೆ. ಅದು ಕುದುರೆಯ ಜೀನಿನ ಹಾಗೆ ಬೆನ್ನ ಮೇಲೆ ಕೂತಿರುತ್ತದೆ, ಹೊಟ್ಟೆಯ ಕಡೆ ಸುತ್ತುವುದಿಲ್ಲ. ಗಂಡು ರಂಧ್ರಗಳು, ಅಂದರೆ ವೀರ್ಯ ಹೊರಬರುವ ತೂತುಗಳು, ಮಾತ್ರ ಅದಕ್ಕಿಂತ ಎಷ್ಟೋ ಮುಂದೆ, 15ರಲ್ಲಿ.

ತೊಡಕು ಇರುವುದು ಉಳಿದೆರಡರಲ್ಲಿ. ಆಫ್ರಿಕದಿಂದ ಬಂದ ಯೂಡ್ರಿಲಸ್ ಯುಜೀನಿಯೇ, ನಮ್ಮ ಕಡೆಯದೇ ಆದ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ಎರಡೂ ನೇರಳೆ ಛಾಯೆಯವು. ಪಟ್ಟಿಯೂ ಹೆಚ್ಚುಕಡಿಮೆ ಅಲ್ಲೇ: ಒಂದಕ್ಕೆ 14ರಿಂದ 18, ಇನ್ನೊಂದಕ್ಕೆ 13ರಿಂದ 17. ಇಷ್ಟು ಹತ್ತಿರ ಇದ್ದಾಗ ಪಟ್ಟಿಯೊಂದನ್ನೇ ನೆಚ್ಚಿಕೊಂಡರೆ ಆಗುವುದಿಲ್ಲ ಅಲ್ವಾ? ಬಿರುಗೂದಲು ನೋಡಿ. ಯೂಡ್ರಿಲಸ್‌ಗೆ ಖಂಡಕ್ಕೆ 8, ಜೋಡಿ ಜೋಡಿಯಾಗಿ. ಪೆರಿಯೋನಿಕ್ಸ್‌ಗೆ ಮೈಸುತ್ತ ಬಳೆಯಾಗಿ ತುಂಬಿರುತ್ತವೆ. ಆಮೇಲೆ ಹೊಟ್ಟೆ ಮೇಲೆ ಮಾಡಿ ನೋಡುತ್ತೇನೆ. ಪೆರಿಯೋನಿಕ್ಸ್‌ನ ಎರಡು ಗಂಡು ರಂಧ್ರಗಳು 18ರಲ್ಲಿ, ನಟ್ಟನಡುವೆ, ಒಂದೇ ಸಣ್ಣ ಗುಳಿಯಲ್ಲಿ ಒತ್ತೊತ್ತಾಗಿ ಇರುತ್ತವೆ. ಅದು ಕಂಡರೆ ನನಗೆ ಬೇರೆ ಸಾಕ್ಷಿ ಬೇಡ.

ಒಳಗನ್ನು ಬಿಡಿಸುವುದು ಅನುಮಾನ ಉಳಿದಾಗ ಮಾತ್ರ. ಸುಮ್ನೆ ಹುಳು ಕೊಯ್ಯುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ನೀರು ಬೆರೆಸಿದ ಆಲ್ಕೋಹಾಲ್‌ನಲ್ಲಿ ಪೂರ್ತಿ ಮರಗಟ್ಟಿಸಬೇಕು. ಕೊಯ್ಯುವುದು ಬೆನ್ನಿನ ಕಡೆ, ನಡುಗೆರೆಗೆ ಸ್ವಲ್ಪ ಪಕ್ಕದಲ್ಲಿ, ಯಾಕೆಂದರೆ ನರದ ಹುರಿ ಹೊಟ್ಟೆಯ ಕಡೆ ಇದೆ. ಕಾಲೇಜು ಲ್ಯಾಬಿನ ಮೆಟಾಫೈರ್ ಪೋಸ್ತುಮಾದಲ್ಲಿ ಹೊರಗೆ ಎಣಿಸಿ 18ಕ್ಕೆ ಒಂದು ಪಿನ್ನು ಚುಚ್ಚುತ್ತೇನೆ. ಮೈ ತೆರೆದ ಮೇಲೆ ಆ ಪಿನ್ನೇ ದಾರಿ. ಹಿಂದಕ್ಕೆ 26ಕ್ಕೆ ಹೋದರೆ ಕರುಳಿನಿಂದ ಮುಂದಕ್ಕೆ ಚಾಚಿದ ಎರಡು ಚೀಲ ಕಾಣಬೇಕು. ಮುಂದಕ್ಕೆ ಬಂದರೆ 8ರಲ್ಲಿ ಗಟ್ಟಿಯಾದ ಗಿಜರ್ಡ್ (ಮೇವು ಅರೆಯುವ ಚೀಲ), 6ರಿಂದ 9ರವರೆಗೆ ನಾಲ್ಕು ಜೊತೆ ವೀರ್ಯ ಸಂಗ್ರಹದ ಚೀಲಗಳು.

ಪಟ್ಟಿ ಮೂಡದ ಮರಿಗಳಿಗೆ ಹೆಸರು ಕೊಡಲು ಹೋಗುವುದಿಲ್ಲ. ಬೇರೆ ಕುಂಡದಲ್ಲಿ ಹಳೇ ಸಗಣಿ ಹಾಕಿ ಬಿಟ್ಟು, ಬೆಳೆದ ಮೇಲೆ ನೋಡುತ್ತೇನೆ. ತೋಟದ ಮಣ್ಣಿನಲ್ಲಿ ಸಿಗುವ ಪಾಂಟೋಸ್ಕೋಲೆಕ್ಸ್ ಕೊರೆತ್ರುರಸ್‌ಗೆ ಮಾತ್ರ ಅಷ್ಟು ಕಾಯುವುದಿಲ್ಲ. ದಕ್ಷಿಣ ಅಮೆರಿಕ ಮೂಲದ ಈ ಬಿಳಿಚು ಹುಳುವಿನ ಬಾಲದಲ್ಲಿ ಬಿರುಗೂದಲು ದಪ್ಪ, ಒಂದು ಖಂಡದ್ದು ಮುಂದಿನ ಖಂಡದ್ದಕ್ಕೆ ನೇರಕ್ಕೆ ಬರುವುದಿಲ್ಲ. ಬಾಲವನ್ನು ಲೆನ್ಸಿನ ಕೆಳಗೆ ಹಿಡಿದರೆ ಸಾಕು.