ಕರಿಕೋಳಿಯ ಕಪ್ಪು ಹೇಟೆಮರಿಗಳಲ್ಲಿ ಮರಳಿ ಬಂತು

ಚರ್ಮ, ನಾಲಿಗೆಯವರೆಗೂ ಕಪ್ಪಾಗಿರುವ ನನ್ನ ಕಡಕ್‌ನಾಥ್ ಕೋಳಿಗಳ ಗುಂಪಿಗೆ ಹೊರಗಿನ ಹುಂಜ ಬಿಟ್ಟ ವರ್ಷ 11 ಮರಿಗಳು ಎದ್ದವು. ಗರಿ ಹೆಚ್ಚುಕಡಿಮೆ ಕಪ್ಪೇ ಇತ್ತು. ಆದರೆ ರೆಕ್ಕೆ ಎತ್ತಿ ನೋಡಿದರೆ ಬಿಳಿಚಿದ ಚರ್ಮ, ಅಲ್ಲಲ್ಲಿ ಮಸಿ ಒರೆಸಿದಂಥ ಕಲೆ, ಬಾಯಿ ತೆರೆದರೆ ನಸುಗೆಂಪು ನಾಲಿಗೆ. ಒಂದೊಂದನ್ನೇ ಕೈಗೆತ್ತಿಕೊಂಡು ನೋಡುತ್ತಾ ಹೋದ ಹಾಗೆ ಎದೆ ಕುಸಿಯಿತು. ಇಷ್ಟು ವರ್ಷ ಜೋಪಾನ ಮಾಡಿದ ತಳಿಯನ್ನು ನನ್ನ ಕೈಯಾರೆ ಹಾಳು ಮಾಡಿದೆ ಅನ್ನಿಸಿತು.

ಹೊರಗಿನ ಹುಂಜ ತರದೆ ಬೇರೆ ದಾರಿಯೂ ಇರಲಿಲ್ಲ. ಒಂದು ಹುಂಜ, ನಾಲ್ಕು ಹೇಟೆಗಳಿಂದ ಶುರು ಮಾಡಿ ಮೂರು ತಲೆಮಾರು ಅವುಗಳ ನಡುವೆಯೇ ಮರಿ ಮಾಡಿಸಿದ್ದೆ. ಅಣ್ಣ ತಂಗಿ ಕೂಡಿದಾಗ ಮರಿಯ ಒಳಸಂಬಂಧ, ಅಂದರೆ ಅಪ್ಪ ಅಮ್ಮ ಇಬ್ಬರಿಂದಲೂ ಒಂದೇ ಮೂಲದ ಜೀನ್ ಬರುವ ಸಾಧ್ಯತೆ, ಒಂದೇ ಸಲಕ್ಕೆ ಶೇಕಡಾ 25ಕ್ಕೆ ಏರುತ್ತದೆ. ಅದರ ಫಲ ಕಾವುಪೆಟ್ಟಿಗೆಯಲ್ಲಿ ಕಂಡಿತು. ಏಳನೇ ದಿನ ಮೊಟ್ಟೆಯನ್ನು ಬೆಳಕಿಗೆ ಹಿಡಿದರೆ ಚೆಂದದ ರಕ್ತನಾಳ ಕಾಣುತ್ತಿತ್ತು, ಹದಿನೆಂಟರ ಹೊತ್ತಿಗೆ ಎಷ್ಟೋ ಮರಿಗಳು ಚಿಪ್ಪಿನೊಳಗೇ ಸತ್ತಿರುತ್ತಿದ್ದವು. ಶಾಖ 37.5 ಡಿಗ್ರಿಯಲ್ಲಿತ್ತು, ತೇವ ಸರಿಯಿತ್ತು, ಮೊಟ್ಟೆ ಹೊರಳಿಸುವುದರಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಹಾಗಾಗಿ ಗಟ್ಟಿಮುಟ್ಟಾದ, ಹಳದಿ ಕಾಲಿನ ಒಂದು ಹುಂಜವನ್ನು ಕರಿ ಹೇಟೆಗಳ ಜೊತೆ ಬಿಟ್ಟೆ.

ಹುಂಜವನ್ನು ಆರಿಸುವಾಗ ಆ ಹಳದಿ ಕಾಲನ್ನು ಗಮನಿಸಬೇಕಿತ್ತು. ಕಪ್ಪು ಚರ್ಮ ಪ್ರಬಲ ಗುಣ, ಅಪ್ಪ ಅಥವಾ ಅಮ್ಮ ಒಬ್ಬರಿಂದ ಅದರ ಜೀನಿನ ಒಂದು ಪ್ರತಿ ಸಿಕ್ಕರೆ ಸಾಕು ಎಂದಷ್ಟೇ ನನಗೆ ಗೊತ್ತಿತ್ತು. ಅದು ನಿಜವೇ. ಫೈಬ್ರೋಮೆಲನೋಸಿಸ್ ಎಂಬ ಈ ಗುಣ ಕೋಳಿಯ 20ನೇ ವರ್ಣತಂತುವಿನಲ್ಲಿದೆ. ಅಲ್ಲಿ ಡಿಎನ್‌ಎಯ ಒಂದು ತುಂಡು ಇಮ್ಮಡಿಯಾಗಿದ್ದು, ಎಂಡೋಥೆಲಿನ್-3 ಎಂಬ ಜೀನ್ ಆ ತುಂಡಿನೊಳಗಿದೆ. ಬಣ್ಣದ ಕೋಶಗಳು ವೃದ್ಧಿಯಾಗಲು ಅದರದೇ ಕುಮ್ಮಕ್ಕು. ಸಾಮಾನ್ಯ ಕೋಳಿಯ ಭ್ರೂಣದಲ್ಲಿ ಈ ಕೋಶಗಳು ಬೆನ್ನಿನ ಬಳಿ ಹುಟ್ಟಿ ಚರ್ಮದಡಿಯ ದಾರಿ ಹಿಡಿದು ಗರಿಯತ್ತ ಹೋಗುತ್ತವೆ. ಕರಿಕೋಳಿಯ ಭ್ರೂಣದಲ್ಲಿ ಅವು ಸಂಖ್ಯೆಯಲ್ಲೂ ಹೆಚ್ಚು, ಒಳದಾರಿಯನ್ನೂ ಹಿಡಿಯುತ್ತವೆ. ಮೂಳೆಯ ಮೇಲಿನ ಪೊರೆ, ಶ್ವಾಸನಾಳ, ಒಳಗಿನ ಅಂಗಗಳವರೆಗೆ ಕಪ್ಪು ಹಬ್ಬುವುದು ಹೀಗೆ. ರಕ್ತ ಮಾತ್ರ ಕೆಂಪೇ, ಮೊಟ್ಟೆಯ ಚಿಪ್ಪೂ ಕಪ್ಪಲ್ಲ. ಕಪ್ಪು ಮೊಟ್ಟೆ ಇದೆಯೇ ಎಂದು ಕೇಳಿಕೊಂಡು ಬರುವವರಿಗೆ ಇದನ್ನು ಪ್ರತಿ ಸಲ ಹೇಳುತ್ತೇನೆ.

2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಿಲ್ಕಿ, ಇಂಡೋನೇಷ್ಯಾದ ಅಯಾಮ್ ಚೆಮಾನಿ, ಸ್ವೀಡನ್ನಿನ ಸ್ವಾರ್ಟ್‌ಹೋನ ಎಂಬ ಕರಿಚರ್ಮದ ತಳಿಗಳೆಲ್ಲದರಲ್ಲೂ ಇದೇ ಮಾರ್ಪಾಡು ಇರುವುದನ್ನು ತೋರಿಸಿತು. ಎಲ್ಲೋ ಒಮ್ಮೆ ಆದ ಬದಲಾವಣೆಯನ್ನು ಕೋಳಿ ಸಾಕುವವರು ಕೈಯಿಂದ ಕೈಗೆ ದಾಟಿಸುತ್ತಾ ಇಷ್ಟು ದೂರ ಹರಡಿದ್ದಾರೆ. ಇದನ್ನು ಓದಿದ ದಿನ ಗೂಡಿನ ಮುಂದೆ ಬಹಳ ಹೊತ್ತು ಕೂತಿದ್ದೆ.

ಆದರೆ ನನ್ನ ಮರಿಗಳು ಬಿಳಿಚಿದ್ದು ಯಾಕೆ? ಉತ್ತರ ಸಿಕ್ಕಿದ್ದು ನೂರು ವರ್ಷಕ್ಕೂ ಹಳೆಯ ಕೆಲಸದಲ್ಲಿ. 1911ರಲ್ಲಿ ತಳಿವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನ್ನೆಟ್ ಸಿಲ್ಕಿ ಕೋಳಿಗಳನ್ನು ಕರಿಚರ್ಮವಿಲ್ಲದ ಲೆಗಾರ್ನ್ ತಳಿಯ ಜೊತೆ ಕೂಡಿಸಿ, ಹುಂಜ ಯಾವ ಕಡೆಯದು ಎನ್ನುವುದರ ಮೇಲೆ ಮರಿಗಳ ಬಣ್ಣ ಬದಲಾಗುವುದನ್ನು ಕಂಡಿದ್ದರು. ಕಪ್ಪನ್ನು ಕೊಡುವ ಜೀನ್ ಒಂದು ಕಡೆಯಾದರೆ, ಚರ್ಮದಲ್ಲಿ ಕಪ್ಪನ್ನು ತಡೆಯುವ ಇನ್ನೊಂದು ಜೀನ್ ಇದೆ. ಅದು ಲಿಂಗ ನಿರ್ಧರಿಸುವ ಝಡ್ ವರ್ಣತಂತುವಿನ ಮೇಲಿದೆ. ಹುಂಜಕ್ಕೆ ಎರಡು ಝಡ್, ಹೇಟೆಗೆ ಒಂದೇ, ಅದೂ ಅಪ್ಪನಿಂದ ಬಂದದ್ದು. ಹೊಳೆಯುವ ಹಳದಿ ಅಥವಾ ಬಿಳಿ ಕಾಲಿನ ಕೋಳಿಗಳಲ್ಲಿ ಈ ತಡೆ ಇರುತ್ತದೆ. ಸ್ಲೇಟಿನ ಬಣ್ಣದ ಅಥವಾ ಹಸಿರು ಛಾಯೆಯ ಕಾಲಿದ್ದರೆ ತಡೆ ಇಲ್ಲ. ನಾನು ತಂದ ಹುಂಜ ಗಂಡು, ಹೆಣ್ಣು ಎನ್ನದೆ ಎಲ್ಲ ಮರಿಗಳಿಗೂ ತಡೆಯನ್ನೇ ಹಂಚಿತ್ತು. ಕಪ್ಪಿನ ಜೀನ್ ಎಲ್ಲೂ ಹೋಗಿರಲಿಲ್ಲ, ಅದರ ಬಾಯಿ ಕಟ್ಟಿತ್ತು ಅಷ್ಟೇ.

ಇದು ಅರ್ಥವಾದ ಮೇಲೆ ಬಿಳಿಚಿದ ಹೇಟೆಮರಿಗಳನ್ನು ಮಾತ್ರ ಉಳಿಸಿಕೊಂಡೆ. ಅವು ಬೆಳೆದು ಮೊಟ್ಟೆಗೆ ಬಂದಾಗ ನನ್ನ ಹಳೆಯ ಕರಿಹುಂಜದ ಜೊತೆ ಬಿಟ್ಟೆ. ಲೆಕ್ಕದ ಪ್ರಕಾರ ಅವುಗಳ ಹೆಣ್ಣುಮರಿಗಳಿಗೆ ಝಡ್ ಬರುವುದು ಕರಿಹುಂಜದಿಂದಲೇ. ಅಂದರೆ ತಡೆ ಆ ಕವಲಿನಲ್ಲಿ ಪೂರ್ತಿ ಅಳಿಸಿಹೋಗಬೇಕು. ಗಂಡುಮರಿಗಳಿಗೆ ತಾಯಿಯ ಝಡ್ಡೂ ಬರುವುದರಿಂದ ಅವು ಬಿಳಿಚಬೇಕು. ಹಾಗೇ ಆಯಿತು. ಕಪ್ಪಾದ ಒಂದೊಂದು ಮರಿಯೂ ಬೆಳೆದು ಹೇಟೆಯಾಯಿತು. ನಾಲಿಗೆಯವರೆಗೆ ಕಪ್ಪಾದ ಮೊದಲ ಮರಿಯನ್ನು ಅಂಗೈಯಲ್ಲಿಟ್ಟುಕೊಂಡ ಆ ಸಂಜೆ ನನಗಿನ್ನೂ ಮರೆತಿಲ್ಲ. ಮೊದಲೇ ತಿಳಿದಿದ್ದರೆ ಕರಿಹುಂಜಕ್ಕೆ ಹೊರಗಿನ ಹೇಟೆ ತಂದು ಒಂದು ತಲೆಮಾರು ಉಳಿಸಬಹುದಿತ್ತು. ಮಿಶ್ರ ಮಾಡಲೇಬೇಕಾದವರು ಹಾಗೆ ಮಾಡಿ, ಅದರಲ್ಲೂ ಸ್ಲೇಟುಗಾಲಿನ ಹೇಟೆ ಸಿಕ್ಕರೆ ಇನ್ನೂ ಒಳ್ಳೆಯದು.

ನೋಟಕ್ಕೆ ಕಪ್ಪಾದ ಕೂಡಲೇ ತಳಿ ಸ್ಥಿರವಾಯಿತೆಂದು ಅರ್ಥವಲ್ಲ. ಈ ಹೇಟೆಗಳಲ್ಲಿ ಕೆಲವದರ ಬಳಿ ಕಪ್ಪಿನ ಜೀನ್ ಒಂದೇ ಪ್ರತಿ ಇರುತ್ತದೆ, ಕೆಲವದರ ಬಳಿ ಎರಡು. ಹೊರಗಿನಿಂದ ಗೊತ್ತಾಗುವುದಿಲ್ಲ. ಇವುಗಳಿಂದ ಮುಂದೆ ಬಂದ ಹುಂಜಗಳದ್ದೂ ಅದೇ ಕತೆ. ಅದಕ್ಕೇ ಬಿಳಿ ಚರ್ಮ, ಸ್ಲೇಟುಗಾಲಿನ ಎರಡು ಹೇಟೆಗಳನ್ನು ಪರೀಕ್ಷೆಗೆಂದೇ ಸಾಕಿದ್ದೇನೆ. ಹುಂಜವನ್ನು ಅವುಗಳ ಜೊತೆ ಬಿಟ್ಟಾಗ ಒಂದೇ ಒಂದು ಬಿಳಿ ಚರ್ಮದ ಮರಿ ಎದ್ದರೂ ಆ ಹುಂಜದ್ದು ಒಂಟಿ ಪ್ರತಿ. ಒಂಟಿ ಪ್ರತಿಯ ಹುಂಜಕ್ಕೆ ಸತತವಾಗಿ ಎಂಟು ಕಪ್ಪು ಮರಿ ಹುಟ್ಟುವ ಸಾಧ್ಯತೆ 256ರಲ್ಲಿ 1. ಎಂಟೂ ಕಪ್ಪಾದರೆ ನಾನು ನಂಬುತ್ತೇನೆ. ಇಲ್ಲಿ ಹಳದಿಗಾಲಿನ ಹೇಟೆಯನ್ನು ಬಳಸಬೇಡಿ. ತಡೆಯಿಂದ ಬಿಳಿಚಿದ ಗಂಡುಮರಿಗಳು ಲೆಕ್ಕವನ್ನೆಲ್ಲ ಕೆಡಿಸುತ್ತವೆ.

ಗರಿಯ ಬಣ್ಣ ಬೇರೆಯೇ ಲೆಕ್ಕ. ಬಿಳಿ ಗರಿಯ ಸಿಲ್ಕಿಯ ಚರ್ಮವೂ ಕಪ್ಪೇ. ಕಡಕ್‌ನಾಥ್‌ನಲ್ಲೇ ಅಚ್ಚಕಪ್ಪು, ಚಿನ್ನದ ಛಾಯೆ, ಗೆರೆಗರಿ ಎಂದು ಮೂರು ಬಗೆಗಳಿವೆ. ಆದ್ದರಿಂದ ಕುತ್ತಿಗೆಯಲ್ಲಿ ಒಂದೆರಡು ಬಣ್ಣದ ಗರಿ ಕಂಡರೆ ಚರ್ಮವನ್ನೂ ನೋಡದೆ ಹಕ್ಕಿಯನ್ನು ತೆಗೆದುಹಾಕುವುದು ನನ್ನ ಪ್ರಕಾರ ದೊಡ್ಡ ತಪ್ಪು. ನಾನು ಮೊದಲು ಬಾಯಿ ಬಿಡಿಸಿ ನಾಲಿಗೆ ಮತ್ತು ಅಂಗುಳ ನೋಡುತ್ತೇನೆ, ಆಮೇಲೆ ರೆಕ್ಕೆಯ ಸಂದಿ, ಕೊನೆಗೆ ಜುಟ್ಟು. ಪ್ರಾಯಕ್ಕೆ ಬಂದ ಹುಂಜದ ಜುಟ್ಟಿಗೆ ರಕ್ತ ತುಂಬಿ ಕಪ್ಪು ನೇರಳೆಯಾಗುವುದುಂಟು. ಎರಡು ತಿಂಗಳಲ್ಲಿ ಮೆಚ್ಚಿದ ಹುಂಜ ಎಂಟು ತಿಂಗಳಲ್ಲಿ ಬೇಸರ ತರಿಸಬಹುದು. ಅವಸರ ಮಾಡಿ ಎರಡು ಒಳ್ಳೆಯ ಹುಂಜ ಕಳೆದುಕೊಂಡಿದ್ದೇನೆ.

ಈಗ ಮೂರು ಗೂಡುಗಳಿವೆ. ಹೇಟೆಗಳು ಹುಟ್ಟಿದ ಗೂಡಲ್ಲೇ ಉಳಿಯುತ್ತವೆ, ಗಂಡುಗಳು ಮಾತ್ರ ಪ್ರತಿ ವರ್ಷ ಪಕ್ಕದ ಗೂಡಿಗೆ. ಪ್ರತಿ ಕಾಲಿಗೂ ನಂಬರ್ ರಿಂಗ್ ಇದೆ, ಪುಸ್ತಕದಲ್ಲಿ ಅಪ್ಪ ಅಮ್ಮನ ನಂಬರ್ ಇದೆ. ಮಿಶ್ರರಕ್ತದ ಕವಲಿನ ರಿಂಗ್ ಬಣ್ಣವೇ ಬೇರೆ. ಮರಿ ಕೇಳಿ ಬಂದವರಿಗೆ ಆ ಪುಟ ತೋರಿಸಿಯೇ ಕೊಡುತ್ತೇನೆ, ಶುದ್ಧ ಕಡಕ್‌ನಾಥ್ ಎಂದು ಅದನ್ನು ಕರೆಯುವುದಿಲ್ಲ. ಅಸಲಿ ಕವಲನ್ನು ಈ ಸುತ್ತಿಗೆ ಸೇರಿಸದೆ ಬೇರೊಂದು ಗೂಡಿನಲ್ಲಿ ಹಾಗೇ ಕಾಪಾಡಿದ್ದೇನೆ, ಇನ್ನೊಂದು ಅಸಲಿ ಗುಂಪಿನಿಂದ ಹುಂಜ ತಂದ ಮೇಲೆ ಅಲ್ಲಿ ಚಿಪ್ಪಿನೊಳಗೆ ಸಾಯುವ ಮರಿಗಳು ಕಡಿಮೆಯಾಗಿವೆ.

ಹೊಸ ಕವಲಿನ 43ನೇ ನಂಬರ್ ಹುಂಜ ಸದ್ಯ ಪರೀಕ್ಷೆಯಲ್ಲಿದೆ. ಇಲ್ಲಿಯವರೆಗೆ ಎದ್ದ ಆರು ಮರಿಗಳೂ ಕಪ್ಪು. ಪೆಟ್ಟಿಗೆಯಲ್ಲಿ ಇನ್ನೂ ನಾಲ್ಕು ಮೊಟ್ಟೆಗಳಿವೆ. ನಾಳಿದ್ದಿಗೆ 21ನೇ ದಿನ.