ಪುಸ್ತಕ ಓದದೆಯೇ ತಪ್ಪು ಹಿಡಿಯುವುದು: ನನ್ನ ಅನುಭವ

"ಇ-ಪಬ್‌ಚೆಕ್‌ನಾಗ ಒಂದೂ ಎರರ್ ಇಲ್ಲ ಅಂದಮ್ಯಾಲೆ ಇನ್ನೇನ್ ನೋಡ್ತೀರಿ?" ಅಂತ ಪಕ್ಕದ ಡಿಟಿಪಿ ಅಂಗಡಿಯವರು ನಗುತ್ತಿದ್ದರು. ಅದು ಇ-ಪುಸ್ತಕದ ಫೈಲಿನ ಕಟ್ಟು ಸರಿಯಿದೆಯೇ ಅಂತ ನೋಡುವ ಸಾಫ್ಟ್‌ವೇರ್, ಒಳಗಿನ ಅಕ್ಷರದ ತಪ್ಪು ಹಿಡಿಯುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಇಬ್ಬರದೂ ಅಂಗಡಿ. ಈಗ ಅವರೇ ಪೆನ್‌ಡ್ರೈವ್ ಹಿಡಿದು ಬರುತ್ತಾರೆ.

ಹೋದ ವರ್ಷ ಒಂದು ಓದುಗರ ಬಳಗದ ಎಂಟು ಇ-ರೀಡರ್‌ಗೆ ವಚನದ ಪುಸ್ತಕ ಹಾಕಿಕೊಟ್ಟೆ. ಹಳೆ 'ನುಡಿ' ತಂತ್ರಾಂಶದ ಫೈಲು, ಈಗಿನ ಸಾಧನಗಳು ಓದುವ ಯುನಿಕೋಡ್‌ಗೆ ತಿರುಗಿಸಿದ್ದು. ಚೆಕ್ ಮಾಡಿದರೆ ಎಲ್ಲಾ ಕ್ಲೀನ್. ಎರಡೇ ದಿನಕ್ಕೆ ಒಬ್ಬ ನಿವೃತ್ತ ಮೇಷ್ಟ್ರು ಬಂದರು. "ತಮ್ಮಾ, ಇದರಾಗ ಸಂಗ ಅಂತ ಹುಡುಕಿದ್ರ ಒಂದೂ ಸಿಗವಲ್ದು."

ಬಸವಣ್ಣನವರ ವಚನದಲ್ಲಿ ಸಂಗ ಸಿಗುವುದಿಲ್ಲ ಅಂದರೆ! ನೋಡಿದರೆ ಅನುಸ್ವಾರದ ಜಾಗದಲ್ಲೆಲ್ಲ ಕನ್ನಡ ಅಂಕಿ ೦ ಕೂತಿದೆ. ಕಣ್ಣಿಗೆ ಎರಡೂ ಒಂದೇ. ಸಿಟ್ಟಿನಲ್ಲಿ ಒಂದೇ ಏಟಿಗೆ ಎಲ್ಲಾ ಬದಲಾಯಿಸಿದೆ. ಮುನ್ನುಡಿಯಲ್ಲಿದ್ದ ೧೯೬೦ರ ಕೊನೆಯ ಸೊನ್ನೆಯೂ ಅನುಸ್ವಾರವಾಯಿತು. ಮತ್ತೆ ಎಂಟೂ ರೀಡರ್ ವಾಪಸ್. ನಾಲ್ಕು ರಾತ್ರಿ, ಬಿಟ್ಟಿ ಕೆಲಸ. ಮೂರೂವರೆ ಸಾವಿರದಷ್ಟು ಕೈಬಿಟ್ಟಿತು.

ಆಮೇಲೆ ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದೆ. ಪುಸ್ತಕದ ಪ್ರತಿ ಅಕ್ಷರವನ್ನೂ ಒತ್ತು, ಕಾಗುಣಿತ ಸಮೇತ ಬಿಡಿಸಿ, ಎಷ್ಟು ಸಲ ಬಂದಿದೆ ಅಂತ ಎಣಿಸುತ್ತದೆ. ಇನ್ನೂರು ಪುಟಕ್ಕೆ ಸಾವಿರದ ಆಸುಪಾಸು ಬಗೆ ಸಿಗುತ್ತವೆ. ಪಟ್ಟಿಯ ಕೊನೆಗೆ, ಒಂದೋ ಎರಡೋ ಸಲ ಬಂದವುಗಳಲ್ಲೇ ಕಳ್ಳರು ಜಾಸ್ತಿ: ಎರಡೆರಡು ಸ್ವರಚಿಹ್ನೆ ಹೊತ್ತ ಅಕ್ಷರ, ವ್ಯಂಜನವಿಲ್ಲದೆ ಒಂಟಿಯಾಗಿ ಬಿದ್ದ ಇಳಿ. ೦ ಮಾತ್ರ ಮೇಲೇ ಇರುತ್ತದೆ, ಸಾವಿರಗಟ್ಟಲೆ ಎಣಿಕೆಯೊಂದಿಗೆ. ಹಾಗಾಗಿ ಎರಡೂ ತುದಿ ನೋಡಬೇಕು. ನಿಜವಾದ ಅಪರೂಪದ ಅಕ್ಷರಗಳನ್ನು ಬದಿಗಿಡಲು ನನ್ನದೊಂದು ಜರಡಿ ಇದೆ. ಅದು ಅಂಗಡಿ ಗುಟ್ಟು, ಬಿಡಿ.

ಅಲ್ಲಿಗೆ ಅರ್ಧ ಕೆಲಸ. ಅದೇ ಪಟ್ಟಿಯನ್ನು ಪುಸ್ತಕದ ಸಿಎಸ್ಎಸ್ (ಅಕ್ಷರ, ಸಾಲಿನ ಅಳತೆ ಹೇಳುವ ಫೈಲು) ಸಮೇತ ಒಂದು ಅಧ್ಯಾಯ ಮಾಡಿ ರೀಡರ್‌ಗೆ ಹಾಕಿ, ಅಕ್ಷರ ಅತಿ ದೊಡ್ಡದು ಮಾಡುತ್ತೇನೆ. ರಾಷ್ಟ್ರದ 'ಷ್ಟ್ರ' ಇದೆಯಲ್ಲ, ಅದರ ಕಾಲು ಕೆಳಗಿನ ಸಾಲಿನ ತಲೆ ತುಳಿದರೆ ಸಾಲಿನ ಎತ್ತರ ಸಾಲದು. ಅಕ್ಷರದ ಗಾತ್ರದ 1.2 ಪಟ್ಟು ಇದ್ದದ್ದನ್ನು ನಾನು 1.6ಕ್ಕೆ ಏರಿಸಿದೆ. ಇದಕ್ಕಂತಲೇ ಸೆಕೆಂಡ್‌ಹ್ಯಾಂಡ್ ರೀಡರ್ ತಗೊಂಡೆ, ನಾಲ್ಕು ಸಾವಿರ ಚಿಲ್ಲರೆ. ಕಂಪ್ಯೂಟರ್ ಪರದೆ ನಂಬಿ ಕೆಟ್ಟಿದ್ದೆ.

ಒಮ್ಮೆ ಫೈಲಿನಲ್ಲಿ ಕಣ್ಣಿಗೆ ಕಾಣದ ಅಕ್ಷರಗಳೆಲ್ಲ ಕಸ ಅಂತ ಅಳಿಸಿಬಿಟ್ಟೆ. ಒತ್ತಕ್ಷರ ಆಗದಂತೆ ತಡೆಯುವ ಚಿಹ್ನೆಯೂ ಅವುಗಳಲ್ಲೇ ಇತ್ತು. 'ಸಾಫ್ಟ್‌ವೇರ್' ಹೋಗಿ 'ಸಾಫ್ಟ್ವೇರ್' ಆಯಿತು. ಇನ್ನೊಮ್ಮೆ ಇ-ಪುಸ್ತಕದ ಫೈಲುಗಳನ್ನು ಕೈಯಾರೆ ಜಿಪ್ ಮಾಡಿ ಒಂದುಗೂಡಿಸುವಾಗ, 'ಇದು ಇ-ಪಬ್' ಅಂತ ಹೇಳುವ, ಕುಗ್ಗಿಸಬಾರದ ಮೈಮ್‌ಟೈಪ್ ಫೈಲ್ ಕೂಡ ಕುಗ್ಗಿತು, ಇ-ಪಬ್‌ಚೆಕ್ ಬೈಯಿತು. ಅದಕ್ಕೆ ಆ ಕೆಲಸ ಚೆನ್ನಾಗಿ ಬರುತ್ತದೆ, ಒಪ್ಪುತ್ತೇನೆ. ಸುಮ್ನೆ ನೋಡೋಣ ಅಂತ ಫೋನಿನಿಂದ ಗಟ್ಟಿಯಾಗಿ ಓದಿಸಿಯೂ ನೋಡಿದೆ. "ಸ ಸೊನ್ನೆ ಗ" ಅಂತು. ತಪ್ಪೇನೋ ಸಿಗುತ್ತದೆ, ಆದರೆ ಒಂದು ಪುಸ್ತಕಕ್ಕೆ ಎಂಟು ತಾಸು ಯಾರು ಕೂಡಬೇಕು?

ಈಗ ಪುಸ್ತಕಕ್ಕೆ ಇಪ್ಪತ್ತು ನಿಮಿಷ, ಇನ್ನೂರು ರೂಪಾಯಿ. ಪಕ್ಕದವರ ಮೊನ್ನೆಯ ಫೈಲಿನಲ್ಲಿ ನಲವತ್ತರ ಮೇಲೆ ತಪ್ಪು ಸಿಕ್ಕವು. ಚಹಾ ಕುಡಿಸಿದರು. ಇನ್ನೂರು ಇನ್ನೂ ಬಾಕಿ.