ಚಿಟ್ಟೆ ನೋಡಲು ಕೊಡಗಿಗೆ: ಮೂರು ದಿನ, ಒಂದೇ ತೊರೆ

ಚಿಟ್ಟೆಗೆಂದೇ ಬರುವುದಾದರೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯೊಳಗೆ ಬನ್ನಿ. ಮಳೆ ಕಡಿಮೆಯಾಗಿರುತ್ತದೆ, ತೊರೆಗಳಲ್ಲಿ ನೀರು ಇನ್ನೂ ಇರುತ್ತದೆ. ಮುಂಗಾರಿಗೆ ಮುನ್ನ ಘಟ್ಟದಿಂದ ಪೂರ್ವಕ್ಕೆ ಹಾರಿಹೋಗುವ ಡಾರ್ಕ್ ಬ್ಲೂ ಟೈಗರ್ ಚಿಟ್ಟೆಗಳು ಹಿಂಡಾಗಿ ಮರಳುವ ಕಾಲವೂ ಅದೇ.

ತಲಕಾವೇರಿ, ದುಬಾರೆ, ಇರ್ಪು ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಲು ಹೊರಟರೆ ಕೆಟ್ಟಿತು. ಪ್ರತಿ ಜಾಗಕ್ಕೂ ಹೊತ್ತು ಮೀರಿ ತಲುಪುತ್ತೀರಿ. ನೆರಳಿನ ಮರಗಳಿರುವ ಕಾಫಿ ತೋಟದ ಒಂದು ಹೋಂಸ್ಟೇ ಹಿಡಿದು ಅಲ್ಲೇ ಇರಿ. ಬುಕ್ ಮಾಡುವ ಮುಂಚೆ ಎರಡು ವಿಷಯ ಕೇಳಿ: ನಡೆದು ಹೋಗುವಷ್ಟು ಹತ್ತಿರ ಮರಳಿನ ದಂಡೆಯ ತೊರೆ ಇದೆಯೇ? ಆ ವಾರ ತೋಟಕ್ಕೆ ಕೀಟನಾಶಕ ಹೊಡೆಯುತ್ತಾರೆಯೇ?

ಬೆಳಿಗ್ಗೆ ಮಂಜು ಕರಗಿ ಬಿಸಿಲು ಎಲೆಗೆ ಬೀಳುವ ಹೊತ್ತಿಗೆ ಹೊರಗಿರಿ. ಮೈ ಕಾಯುವವರೆಗೆ ಚಿಟ್ಟೆ ಹಾರಲಾರದು, ರೆಕ್ಕೆ ಅಗಲಿಸಿ ಕೂತಿರುತ್ತದೆ. ಹತ್ತಿರದಿಂದ ನೋಡಲು ಇಷ್ಟು ಒಳ್ಳೆಯ ಹೊತ್ತು ಇನ್ನೊಂದಿಲ್ಲ.

ಹತ್ತರ ನಂತರ ತೊರೆಯ ಕಡೆ ನಡೆಯಿರಿ. ಒದ್ದೆ ಮರಳಿನಲ್ಲಿ ಬ್ಲೂಬಾಟಲ್‌ನಂಥ ಚಿಟ್ಟೆಗಳು ಗುಂಪುಗೂಡಿ ಉಪ್ಪಿನಂಶ ಹೀರುತ್ತವೆ. ಹೆಚ್ಚಿನವು ಗಂಡು, ಹೀರಿದ ಉಪ್ಪು ಕೂಡುವಾಗ ಹೆಣ್ಣಿಗೆ, ಅವಳಿಂದ ಮೊಟ್ಟೆಗೆ ಸೇರುತ್ತದೆ. ಬಗ್ಗದೆ ನೇರ ನಡೆದು ಹತ್ತಿರ ಹೋದರೆ ಗುಂಪು ಚದುರುತ್ತದೆ. ಹತ್ತು ಹೆಜ್ಜೆ ದೂರದಲ್ಲೇ ಕುಕ್ಕರಗಾಲಲ್ಲಿ ಕೂತು, ನಿಮ್ಮ ನೆರಳು ಅವುಗಳ ಮೇಲೆ ಬೀಳದಂತೆ ಮೆಲ್ಲಗೆ ಸರಿಯಿರಿ. ಎದ್ದು ಹಾರಿದರೂ ಅಲುಗಾಡಬೇಡಿ. ಬಹಳ ಸಲ ಅದೇ ಒದ್ದೆಗೆ ಮರಳಿ ಬರುತ್ತವೆ.

ಕರ್ನಾಟಕದ ರಾಜ್ಯ ಚಿಟ್ಟೆ ಸಹ್ಯಾದ್ರಿ ಬರ್ಡ್‌ವಿಂಗ್‌ಗೆ ಮಾತ್ರ ತಲೆ ಎತ್ತಿ ನೋಡಬೇಕು. 14ರಿಂದ 19 ಸೆಂ.ಮೀ. ರೆಕ್ಕೆ ಹರವಿನ ಈ ಚಿಟ್ಟೆ ಮರದ ತುದಿಯಲ್ಲಿ ತೇಲುತ್ತದೆ, ರಥಪುಷ್ಪಕ್ಕೋ ಲಂಟಾನಕ್ಕೋ ಕೆಳಗಿಳಿಯುತ್ತದೆ. ಅದರ ಹಿಂದೆ ಓಡದೆ ಹೂವಿನ ಬಳಿ ಕಾಯಿರಿ. ಜೇನು ಹೀರುವಾಗಲೂ ಕಪ್ಪು ಮುಂರೆಕ್ಕೆ ನಡುಗುತ್ತಲೇ ಇರುತ್ತದೆ, ಬಂಗಾರದ ಹಿಂರೆಕ್ಕೆ ಮಾತ್ರ ಬಿಸಿಲಲ್ಲಿ ಹೊಳೆಯುತ್ತದೆ. ಆದ್ದರಿಂದ ಕ್ಯಾಮೆರಾದ ಶಟರ್ 1/1000 ಸೆಕೆಂಡಿಗಿಂತ ನಿಧಾನವಿದ್ದರೆ ಚಿತ್ರ ಮಸುಕಾಗುತ್ತದೆ. ಹಿಂರೆಕ್ಕೆಯಲ್ಲಿ ಕಪ್ಪು ತ್ರಿಕೋನಗಳ ಸಾಲಿದ್ದರೆ ಹೆಣ್ಣು. ಅವಳು ಮೊಟ್ಟೆಯಿಡುವ ಗಿಡಗಳಲ್ಲಿ ಈಶ್ವರಿ ಬಳ್ಳಿ ಒಂದು. ದಯವಿಟ್ಟು ಆ ಬಳ್ಳಿಯನ್ನು ಕಳೆಯೆಂದು ಕೀಳಬೇಡಿ, ಕೀಳಲೂ ಬಿಡಬೇಡಿ.

ಮಧ್ಯಾಹ್ನ ನೆರಳಿಗೆ ಬನ್ನಿ. ಕೊಳೆತ ಹಣ್ಣು, ಮರದ ರಸ ಸೋರುವ ಕಡೆ ಬ್ಲೂ ಓಕ್‌ಲೀಫ್ ಚಿಟ್ಟೆ ಕೂತಿರಬಹುದು. ರೆಕ್ಕೆ ಮುಚ್ಚಿದರೆ ನಡುನರವಿರುವ ಒಣ ಎಲೆಯೇ ಸರಿ, ತೆರೆದಾಗಲಷ್ಟೇ ನೀಲಿ.

ಬೈನಾಕ್ಯುಲರ್ 8 ಪಟ್ಟಿನದು ಸಾಕು, ಆದರೆ 2 ಮೀಟರ್ ಹತ್ತಿರಕ್ಕೂ ಫೋಕಸ್ ಆಗಬೇಕು. ಹಕ್ಕಿಗೆಂದು ಕೊಂಡ ಎಷ್ಟೋ ಬೈನಾಕ್ಯುಲರ್‌ಗಳು ಇಲ್ಲಿ ಸೋಲುತ್ತವೆ. ಇಂಬಳಕ್ಕೆ ಮೊಣಕಾಲುದ್ದದ ಒತ್ತು ನೇಯ್ಗೆಯ ಕಾಲುಚೀಲ ಹಾಕಿ. ಆನೆ ಬಂದಿದೆಯೇ ಎಂದು ತೋಟದವರನ್ನು ಕೇಳದೆ ಒಳಗೆ ಕಾಲಿಡಬೇಡಿ. ಬ್ರಹ್ಮಗಿರಿ, ಪುಷ್ಪಗಿರಿ ಹತ್ತಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬಲೆ ತರುವಂತಿಲ್ಲ.

ಹೆಸರು ಗುರುತಿಸಲು ರೆಕ್ಕೆಯ ಮೇಲ್ಭಾಗ, ಕೆಳಭಾಗ ಎರಡರ ಚಿತ್ರವೂ ಬೇಕು. ಒಂದೇ ಸಿಗುವಂತಿದ್ದರೆ ಕೆಳಭಾಗ ತೆಗೆಯಿರಿ. ‘ಬ್ಲೂ’ ಎಂಬ ಗುಂಪಿನ ಪುಟ್ಟ ಚಿಟ್ಟೆಗಳನ್ನು ಅಲ್ಲಿನ ಚುಕ್ಕಿ ನೋಡಿಯೇ ಬೇರೆಮಾಡುವುದು.